ಹಳೆಯ ಕತೆಗಳಲ್ಲಿ ಮದುವೆ ಎಲ್ಲಿ ಮುರಿಯುತ್ತದೆ, ಎಲ್ಲಿ ಉಳಿಯುತ್ತದೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾವು ಏಳೆಂಟು ಮಂದಿ ಕನ್ನಡದವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಂದು ಸಣ್ಣ ಕತೆಯನ್ನು ಗಟ್ಟಿಯಾಗಿ ಓದುತ್ತೇವೆ. ಆಮೇಲೆ ಚಹಾ, ಅವಲಕ್ಕಿ, ಮಾತು. ಕಳೆದ ಮಳೆಗಾಲದಲ್ಲಿ ಫ್ರೆಂಚ್ ಕತೆಗಾರ ಮೊಪಾಸಾನ ‘ನೆಕ್ಲೇಸ್’ ಓದಿದ ದಿನ ಮಾತು ಜಗಳಕ್ಕೆ ತಿರುಗಿತು. ಜಗಳದ ವಿಷಯ ಇಷ್ಟೇ: ಆ ಕತೆಯ ಗಂಡ ಹೆಂಡತಿಯ ಸಂಸಾರ ಸೋತಿತೋ, ಗೆದ್ದಿತೋ?

ಕತೆ 1884ರದ್ದು. ಮಥಿಲ್ಡ್ ಎಂಬ ಚೆಂದದ ಹೆಣ್ಣು. ಅವಳ ಗಂಡ ಪ್ಯಾರಿಸ್‌ನಲ್ಲಿ ಶಿಕ್ಷಣ ಖಾತೆಯ ಗುಮಾಸ್ತ. ಒಂದು ದಿನ ದೊಡ್ಡವರ ಮನೆಯ ಔತಣಕ್ಕೆ ಕರೆ ಬರುತ್ತದೆ. ಉಡಲು ಒಳ್ಳೆ ಬಟ್ಟೆ ಇಲ್ಲ ಎಂದು ಅವಳು ಅಳುತ್ತಾಳೆ. ಬಂದೂಕು ಕೊಳ್ಳಲು ಕೂಡಿಟ್ಟಿದ್ದ 400 ಫ್ರಾಂಕನ್ನು ಅವನು ತೆಗೆದು ಕೊಡುತ್ತಾನೆ. ಕೊರಳಿಗೆ ಗೆಳತಿಯ ವಜ್ರದ ಹಾರವನ್ನು ಕೇಳಿ ತರುತ್ತಾಳೆ. ಆ ರಾತ್ರಿಯೇ ಹಾರ ಕಳೆದುಹೋಗುತ್ತದೆ. ಇಬ್ಬರೂ ಗೆಳತಿಗೆ ನಿಜ ಹೇಳುವುದಿಲ್ಲ. 36,000 ಫ್ರಾಂಕಿಗೆ ಅಂಥದ್ದೇ ಇನ್ನೊಂದು ಹಾರ ಕೊಂಡು ಒಪ್ಪಿಸುತ್ತಾರೆ. ಅಪ್ಪ ಬಿಟ್ಟುಹೋದ 18,000 ಅವನ ಹತ್ತಿರ ಇತ್ತು. ಉಳಿದದ್ದು ಸಾಲ. ಅದನ್ನು ತೀರಿಸಲು 10 ವರ್ಷ ಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ, ಕಳೆದುಹೋದ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು.

ನಮ್ಮಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದಿದೆ. ಇಬ್ಬರೂ ಐರೋಲಿಯಲ್ಲಿ ಕೆಲಸ ಮಾಡುತ್ತಾರೆ. ಹುಡುಗ ಹೇಳಿದ, “ಹೆಂಡತಿಯ ಆಸೆಗೆ ಗಂಡನ ಬಾಳು ಹಾಳಾಯಿತು. ಇದು ಸೋತ ಸಂಸಾರ.” ಹುಡುಗಿ ಸಿಟ್ಟಾದಳು. ಆಗ ಮಾತಾಡಿದವರು ನಾವೆಲ್ಲ ಮಾಮ ಎಂದು ಕರೆಯುವ ಹಿರಿಯರು. ಉಡುಪಿ ಕಡೆಯವರು, ಹೋಟೆಲಿನಲ್ಲಿ ಜೀವ ತೇದವರು. “ಅಲ್ಲ ಮಾರಾಯ, ಹತ್ತು ವರ್ಷ ಸಾಲ ತೀರಿಸಿದರು. ಅವನು ಅವಳನ್ನು ಒಂದು ಸಲವಾದರೂ ಬೈದನಾ? ಬಿಟ್ಟು ಹೋದನಾ? ಇದಕ್ಕಿಂತ ಗಟ್ಟಿ ಸಂಸಾರ ಯಾವುದು?”

ಮಾಮನ ಮಾತು ನನ್ನನ್ನು ಬಿಡಲಿಲ್ಲ. ಆವತ್ತಿನಿಂದ ಮದುವೆಯ ಬಗ್ಗೆ ಇರುವ ಹಳೆಯ ಸಣ್ಣ ಕತೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಓದಿದೆ. ಒಳ್ಳೆ ಸಂಸಾರ ಯಾವುದು, ಕೆಟ್ಟದ್ದು ಯಾವುದು ಎಂದು ಈ ಕತೆಗಳು ನೇರವಾಗಿ ಹೇಳುವುದಿಲ್ಲ. ಆದರೆ ನೋಡುವ ಜಾಗ ಗೊತ್ತಾದರೆ ಬಹಳ ಸ್ಪಷ್ಟವಾಗಿ ತೋರಿಸುತ್ತವೆ.

ಕಾದಂಬರಿಕಾರನಿಗೆ ಮುನ್ನೂರು ಪುಟ ಇರುತ್ತದೆ. ಮದುವೆ, ಮಕ್ಕಳು, ಜಗಳ, ಮುಪ್ಪು ಎಲ್ಲವನ್ನೂ ಹೇಳಬಹುದು. ಸಣ್ಣ ಕತೆಗೆ ಸಿಗುವುದು ಹತ್ತು ಪುಟ. ಹಾಗಾಗಿ ಕತೆಗಾರ ಇಡೀ ಸಂಸಾರದಿಂದ ಒಂದು ದಿನವನ್ನೋ ಒಂದು ಗಂಟೆಯನ್ನೋ ಎತ್ತಿಕೊಳ್ಳುತ್ತಾನೆ. ನಡುವೆ ಒಂದು ವಸ್ತು ಇಡುತ್ತಾನೆ: ಹಾರ, ಬಾಚಣಿಗೆ, ಗೋಡೆಯ ಕಾಗದ, ಒಂದು ಹಾಡು. ಆ ವಸ್ತುವಿನ ಬಗ್ಗೆ ಗಂಡನಿಗೆ ಏನು ಗೊತ್ತು, ಹೆಂಡತಿಗೆ ಏನು ಗೊತ್ತು ಎಂದು ನೋಡುತ್ತಾ ಹೋದರೆ ಸಂಸಾರದ ಒಳಗೆಲ್ಲ ಬೆಳಕು ಬೀಳುತ್ತದೆ. ನಾನು ಇನ್ನೂ ಒಂದು ಲೆಕ್ಕ ಹಾಕುತ್ತೇನೆ. ಇಬ್ಬರ ನಡುವೆ ಹೇಳದೆ ಉಳಿದ ಮಾತು ಯಾವುದು, ಅದಕ್ಕೆ ಎಷ್ಟು ವಯಸ್ಸಾಗಿದೆ?

ಓ. ಹೆನ್ರಿಯ ‘ಗಿಫ್ಟ್ ಆಫ್ ದಿ ಮೇಜೈ’ ಕತೆಯಲ್ಲಿ ಆ ಮಾತಿಗೆ ಒಂದು ದಿನವೂ ತುಂಬಿಲ್ಲ. 1905ರ ಕತೆ. ಡೆಲ್ಲಾಳ ಕೈಯಲ್ಲಿ 1 ಡಾಲರ್ 87 ಸೆಂಟ್ ಇದೆ. ನಾಳೆ ಕ್ರಿಸ್‌ಮಸ್. ಜಿಮ್‌ನ ಸಂಬಳ ವಾರಕ್ಕೆ 30 ಡಾಲರ್ ಇದ್ದದ್ದು 20ಕ್ಕೆ ಇಳಿದಿದೆ. ಅವಳು ತನ್ನ ಉದ್ದ ಕೂದಲನ್ನು 20 ಡಾಲರಿಗೆ ಮಾರಿ, ಅವನ ಗಡಿಯಾರಕ್ಕೆ 21 ಡಾಲರಿನ ಸರಪಳಿ ತರುತ್ತಾಳೆ. ಅವನು ಆ ಗಡಿಯಾರವನ್ನೇ ಮಾರಿ ಅವಳ ಕೂದಲಿಗೆ ಬಾಚಣಿಗೆ ತಂದಿರುತ್ತಾನೆ. ಎಲ್ಲರೂ ಇದನ್ನು ತ್ಯಾಗದ ಕತೆ ಎನ್ನುತ್ತಾರೆ. ನನಗೆ ಹಿಡಿಸುವುದು ಬೇರೆ. ಆ ಬಾಚಣಿಗೆಯನ್ನು ಡೆಲ್ಲಾ ಅಂಗಡಿಯ ಗಾಜಿನಾಚೆ ನೋಡಿ ನೋಡಿ ಆಸೆಪಟ್ಟಿದ್ದಳು. ಅದು ಜಿಮ್‌ಗೆ ಹೇಗೆ ಗೊತ್ತಾಯಿತು? ಯಾವತ್ತೋ ಅವಳ ಕಣ್ಣು ಎಲ್ಲಿ ನಿಂತಿತು ಎಂದು ಅವನು ಗಮನಿಸಿರಬೇಕು. ಅವನಿಗೆ ಆ ಗಡಿಯಾರ ಎಷ್ಟು ಮುಖ್ಯ ಎಂದು ಅವಳೂ ಗಮನಿಸಿದ್ದಳು. ಒಬ್ಬರನ್ನೊಬ್ಬರು ಕೇಳದೆ ಮಾರಿದ್ದು ನಿಜ. ಆದರೆ ಮುಚ್ಚಿಟ್ಟದ್ದು ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಬಂತು. ಕೊನೆಗೆ ಜಿಮ್ ಹೇಳುವುದು ಊಟಕ್ಕೆ ಒಲೆಯ ಮೇಲೆ ಇಡು ಎಂದು. ಅಷ್ಟು ಸಲೀಸು.

ಈಗ ಮಥಿಲ್ಡ್ ಕಡೆ ಮತ್ತೆ ಬರೋಣ. ಮಾಮ ಹೇಳಿದ್ದು ಸರಿ. ಹಾರ ಕಳೆದ ರಾತ್ರಿ ಗಂಡ ಮತ್ತೆ ಬಟ್ಟೆ ಹಾಕಿಕೊಂಡು, ನಡೆದು ಬಂದ ದಾರಿಯಲ್ಲೇ ಹುಡುಕುತ್ತಾ ಹೋಗುತ್ತಾನೆ. ಬೆಳಗ್ಗೆ ಏಳಕ್ಕೆ ಬರಿಗೈಯಲ್ಲಿ ಬರುತ್ತಾನೆ. ಆಮೇಲೆ ಹತ್ತು ವರ್ಷ ರಾತ್ರಿಗಳಲ್ಲಿ ಪುಟಕ್ಕೆ ಐದು ಸೂ ಎಂದು ನಕಲು ಬರೆದು ದುಡಿಯುತ್ತಾನೆ. ಅವಳು ನೀರು ಹೊತ್ತು, ಬಟ್ಟೆ ಒಗೆದು, ಅಂಗಡಿಯವನ ಹತ್ತಿರ ಒಂದೊಂದು ಕಾಸಿಗೂ ಚೌಕಾಸಿ ಮಾಡುತ್ತಾಳೆ. ಸೂ ಎಂದರೆ ಫ್ರಾಂಕಿನ ಇಪ್ಪತ್ತರಲ್ಲಿ ಒಂದು ಭಾಗ. ನಾಲ್ಕು ಪುಟ ಬರೆದರೆ ಒಂದು ಫ್ರಾಂಕ್. ಅಂಥ ರಾತ್ರಿಗಳು ಎಷ್ಟು ಬೇಕು ಎಂದು ಲೆಕ್ಕ ಹಾಕಿದರೆ ಎದೆ ಹಿಂಡುತ್ತದೆ.

ಹಾಗಾದರೆ ಎಡವಿದ್ದು ಎಲ್ಲಿ? ನನ್ನ ಪ್ರಕಾರ ಎರಡು ಕಡೆ. ಮೊದಲನೆಯದು ಔತಣದ ಕರೆ ಬಂದ ಸಂಜೆ. ಆ ಕರೆಯನ್ನು ಕೈಗೆ ಕೊಟ್ಟರೆ ಅವಳಿಗೆ ಖುಷಿಯಾಗುತ್ತದೆ ಎಂದು ಅವನು ತೀರ್ಮಾನಿಸಿಬಿಟ್ಟಿರುತ್ತಾನೆ. ಅವಳಿಗೆ ಒಳಗೊಳಗೆ ಏನು ಉರಿಯುತ್ತಿದೆ ಎಂದು ಅದುವರೆಗೆ ಅವನು ಕೇಳಿದ ಹಾಗೆ ಕಾಣುವುದಿಲ್ಲ. ಎರಡನೆಯದು, ಗೆಳತಿಗೆ ಕಾಗದ ಬರೆಯುವ ಕ್ಷಣ. ಹಾರದ ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಎಂದು ಬರೆ ಎಂದು ಸುಳ್ಳನ್ನು ಹೇಳಿಕೊಡುವವನು ಗಂಡನೇ. ಓದುವವರು ಇದನ್ನು ಮರೆತು ಎಲ್ಲ ತಪ್ಪನ್ನೂ ಅವಳ ತಲೆಗೆ ಕಟ್ಟುತ್ತಾರೆ. ನನಗೆ ಇದು ಅನ್ಯಾಯ ಅನಿಸುತ್ತದೆ. ಇಬ್ಬರ ನಡುವಿನ ನಂಟು ಮುರಿಯಲಿಲ್ಲ. ಇಬ್ಬರೂ ಸೇರಿ ಹೊರಗಿನವರಿಗೆ ಬಾಯಿ ಬಿಡಲಿಲ್ಲ. ಅಂದರೆ ಮಾಮ ಗೆದ್ದರು, ಆದರೆ ಪೂರ್ತಿ ಅಲ್ಲ.

ಇನ್ನು ಕೆಲವು ಕತೆಗಳಲ್ಲಿ ಗಂಡ ಒಳ್ಳೆಯವನೇ. ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಆದರೂ ಸಂಸಾರ ಒಳಗಿನಿಂದ ಹುಳ ತಿಂದ ಮರದ ಹಾಗೆ. ಮೊದಲ ಸಲ ಓದಿದಾಗ ನನಗೆ ಇದೇ ಅರ್ಥವಾಗಿರಲಿಲ್ಲ. ಕೆಟ್ಟವರೇ ಇಲ್ಲದ ಮನೆಯಲ್ಲಿ ಏನು ಕೆಟ್ಟಿತು?

ಅಮೆರಿಕದ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ನೋಡಿ. ಹೆಂಡತಿಗೆ ಹೆರಿಗೆಯಾಗಿದೆ, ಮನಸ್ಸು ಕುಗ್ಗಿದೆ. ಗಂಡ ಜಾನ್ ಡಾಕ್ಟರ್. ವಿಶ್ರಾಂತಿ ಬೇಕು ಎಂದು ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ. ಬರೆಯಬೇಡ ಎನ್ನುತ್ತಾನೆ. ಅವಳಿಗೆ ಬರೆದರೆ ಹಗುರಾಗುತ್ತದೆ. ಅವಳು ಹೇಳುತ್ತಾಳೆ, ಅವನು ಪ್ರೀತಿಯಿಂದ ನಕ್ಕು ತಳ್ಳಿಹಾಕುತ್ತಾನೆ. ಕೊನೆಗೆ ಅವಳಿಗೆ ಗೋಡೆಯ ಹಳದಿ ಕಾಗದದ ಹಿಂದೆ ಸಿಕ್ಕಿಬಿದ್ದ ಹೆಂಗಸು ಕಾಣತೊಡಗುತ್ತಾಳೆ. ಗಿಲ್ಮನ್ ಸ್ವತಃ ಇಂಥ ‘ವಿಶ್ರಾಂತಿ ಚಿಕಿತ್ಸೆ’ಯನ್ನು ಅನುಭವಿಸಿ ಬರೆದದ್ದು. ಜಾನ್‌ಗೆ ಹೆಂಡತಿಯ ಮೇಲೆ ದ್ವೇಷ ಇಲ್ಲ. ಅವನ ಬಾಯಲ್ಲಿರುವುದು ಒಂದೇ ಮಾತು: ನನಗೆ ಗೊತ್ತು.

ಈ ‘ನನಗೆ ಗೊತ್ತು’ ಎಂಬುದೇ ಇಂಥ ಕತೆಗಳ ಬೀಗದ ಕೈ ಎಂದು ಈಗ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮೌನ ದೊಡ್ಡ ಶತ್ರು ಅಲ್ಲ. ಮೌನದ ಎಷ್ಟೋ ಸಂಸಾರಗಳು ಚೆನ್ನಾಗಿವೆ. ಎದುರಿಗಿರುವವರಲ್ಲಿ ಇನ್ನು ಕೇಳಿ ತಿಳಿಯುವಂಥದ್ದು ಏನೂ ಉಳಿದಿಲ್ಲ ಎಂದು ಒಬ್ಬರು ನಂಬಿಬಿಟ್ಟ ದಿನ ಸಂಸಾರ ಕುಸಿಯಲು ಶುರುವಾಗುತ್ತದೆ.

ಜೇಮ್ಸ್ ಜಾಯ್ಸ್‌ನ ‘ದಿ ಡೆಡ್’ (1914) ಇದನ್ನೇ ಬಹಳ ಮೆಲ್ಲಗೆ ಮಾಡುತ್ತದೆ. ಡಬ್ಲಿನ್‌ನಲ್ಲಿ ಹಬ್ಬದ ಔತಣ. ಹೊರಡುವ ಹೊತ್ತಿಗೆ ಯಾರೋ ಹಾಡುತ್ತಾರೆ, ಗ್ರೆಟಾ ಮೆಟ್ಟಿಲ ಮೇಲೆ ನಿಂತು ಕೇಳುತ್ತಾಳೆ. ಗಂಡ ಗೇಬ್ರಿಯಲ್ ಕೆಳಗಿನಿಂದ ಅವಳನ್ನು ನೋಡಿ ಮೋಹಗೊಳ್ಳುತ್ತಾನೆ. ಅವಳ ಮನಸ್ಸಿನಲ್ಲಿಯೂ ತಾನೇ ಇದ್ದೇನೆ ಎಂದುಕೊಳ್ಳುತ್ತಾನೆ. ಹೋಟೆಲಿನ ಕೋಣೆಗೆ ಬಂದ ಮೇಲೆ ಗೊತ್ತಾಗುತ್ತದೆ. ಮದುವೆಗೆ ಮುಂಚೆ, ಅವಳ ಹರೆಯದಲ್ಲಿ, ಆ ಹಾಡನ್ನು ಮೈಕಲ್ ಎಂಬ ಹುಡುಗ ಹಾಡುತ್ತಿದ್ದ. ಕಾಯಿಲೆಯಲ್ಲಿದ್ದವನು ಅವಳಿಗಾಗಿ ಮಳೆಯಲ್ಲಿ ಬಂದು ನಿಂತಿದ್ದ. ಹದಿನೇಳಕ್ಕೆ ಸತ್ತುಹೋದ. ಇಷ್ಟು ವರ್ಷ ಜೊತೆಗಿದ್ದರೂ ಗೇಬ್ರಿಯಲ್‌ಗೆ ಈ ಹುಡುಗನ ಹೆಸರೇ ಗೊತ್ತಿರಲಿಲ್ಲ. ಅವಳು ಅತ್ತು ಅತ್ತು ನಿದ್ದೆ ಹೋಗುತ್ತಾಳೆ. ಅವನು ಕಿಟಕಿಯಾಚೆ ಹಿಮ ಬೀಳುವುದನ್ನು ನೋಡುತ್ತಾ ಇರುತ್ತಾನೆ. ಇದನ್ನು ಸೋತ ಮದುವೆಯ ಕತೆ ಎನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ತನಗೆ ಗೊತ್ತಿಲ್ಲ ಎಂಬುದು ಆ ಗಂಡನಿಗೆ ಗೊತ್ತಾದ ಮೊದಲ ರಾತ್ರಿ ಅದು. ಅವರ ಮದುವೆ ಅಲ್ಲಿಂದ ಶುರುವಾಗಬಹುದು.

ಕೇಟ್ ಶೋಪಾನ್‌ಳ ‘ದಿ ಸ್ಟೋರಿ ಆಫ್ ಆ್ಯನ್ ಅವರ್’ (1894) ಕತೆಯಲ್ಲಿ ಆ ಅವಕಾಶವೂ ಸಿಗುವುದಿಲ್ಲ. ರೈಲು ಅಪಘಾತದಲ್ಲಿ ಗಂಡ ಸತ್ತ ಎಂದು ಸುದ್ದಿ. ಹೆಂಡತಿ ಅಳುತ್ತಾಳೆ, ಆಮೇಲೆ ಕೋಣೆಯಲ್ಲಿ ಒಬ್ಬಳೇ ಕುಳಿತಾಗ ‘ಬಿಡುಗಡೆ’ ಎಂಬ ಮಾತು ಅವಳಿಗೇ ಗೊತ್ತಿಲ್ಲದೆ ಬಾಯಿಗೆ ಬರುತ್ತದೆ. ಗಂಡ ಪ್ರೀತಿಯಿಂದಲೇ ನೋಡುತ್ತಿದ್ದವನು. ಆದರೂ! ಅವನು ಬದುಕಿ ಬಾಗಿಲಿಗೆ ಬಂದಾಗ ಅವಳ ಎದೆ ನಿಲ್ಲುತ್ತದೆ. ಸಂತೋಷ ತಡೆಯಲಾರದೆ ಸತ್ತಳು ಎನ್ನುತ್ತಾರೆ ಡಾಕ್ಟರು. ಸತ್ತ ಮೇಲೂ ಅವಳ ಬಗ್ಗೆ ಇನ್ನೊಬ್ಬರು ‘ನನಗೆ ಗೊತ್ತು’ ಎಂದೇ ಹೇಳುತ್ತಾರೆ.

ಇಷ್ಟೂ ದೂರದ ದೇಶದವು. ನಮ್ಮ ದೇಶದ ಕತೆಗಳಿಗೆ ಬಂದರೆ ಒಂದು ತೊಡಕು. ಇಲ್ಲಿ ಸಂಸಾರ ಎಂದರೆ ಇಬ್ಬರೇ ಅಲ್ಲ. ಅತ್ತೆ, ಮಾವ, ಮೈದುನ, ಊರು ಎಲ್ಲರೂ ಒಳಗಿರುತ್ತಾರೆ. ಮಾಸ್ತಿಯವರು 1910ರಲ್ಲಿ ಬರೆದ ‘ರಂಗನ ಮದುವೆ’ಯಲ್ಲಿ ಕತೆ ಹೇಳುವವನೇ ಶಾಸ್ತ್ರಿಗಳ ಜೊತೆ ಸೇರಿ ಹೂಟ ಹೂಡಿ ರಂಗನಿಗೂ ರತ್ನಳಿಗೂ ಮದುವೆ ಮಾಡಿಸುತ್ತಾನೆ. ಓದಲು ಬಹಳ ಮುದ್ದಾದ ಕತೆ. ಆದರೆ ಅದು ಮದುವೆ ಆದ ಬಗೆ ಹೇಳುತ್ತದೆ, ಬಾಳಿದ ಬಗೆ ಹೇಳುವುದಿಲ್ಲ.

ಪ್ರೇಮಚಂದರ ‘ಬಡೇ ಘರ್ ಕೀ ಬೇಟಿ’ಯೂ ಅದೇ ವರ್ಷದ ಕತೆ. ಬೇಳೆಗೆ ತುಪ್ಪ ಉಳಿದಿರಲಿಲ್ಲ ಎಂಬಷ್ಟಕ್ಕೆ ಮೈದುನ ಅತ್ತಿಗೆ ಆನಂದಿಯ ಮೇಲೆ ಮರದ ಪಾದುಕೆ ಎಸೆಯುತ್ತಾನೆ. ಪೇಟೆಯಲ್ಲಿ ನೌಕರಿಯಲ್ಲಿದ್ದ ಗಂಡ ಶನಿವಾರ ಮನೆಗೆ ಬರುವವನು. ಕೂಡು ಕುಟುಂಬವನ್ನು ಊರಿಗೆಲ್ಲ ಹೊಗಳುತ್ತಿದ್ದವನು. ಹೆಂಡತಿಯ ಮಾತು ಕೇಳಿ, ಬೇರೆ ಮನೆ ಮಾಡುತ್ತೇನೆ ಎಂದು ಅಪ್ಪನ ಎದುರು ನಿಲ್ಲುತ್ತಾನೆ. ಕೊನೆಗೆ ಮನೆ ಬಿಟ್ಟು ಹೊರಟ ಮೈದುನನನ್ನು ಆನಂದಿಯೇ ತಡೆದು ಉಳಿಸುತ್ತಾಳೆ. ಎಲ್ಲರೂ ಅವಳ ದೊಡ್ಡತನವನ್ನು ಮೆಚ್ಚುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಅದಕ್ಕಿಂತ ಮೊದಲಿನ ಒಂದು ಸಣ್ಣ ಸಂಗತಿ. ಅವಳು ನಡೆದದ್ದನ್ನು ಹೇಳಿದಳು, ಅವನು ಕೇಳಿ ನಂಬಿದ. ಅವಳಿಗೆ ಆ ಬಲ ಸಿಕ್ಕಿದ್ದರಿಂದಲೇ ಕ್ಷಮಿಸಲು ಆಯಿತು.

ರವೀಂದ್ರನಾಥ ಠಾಕೂರರ ‘ಶಾಸ್ತಿ’ (1893) ಇದರ ತದ್ವಿರುದ್ಧ. ಅಣ್ಣ ಸಿಟ್ಟಿನಲ್ಲಿ ತನ್ನ ಹೆಂಡತಿಯನ್ನು ಕೊಲ್ಲುತ್ತಾನೆ. ಅಣ್ಣನನ್ನು ಉಳಿಸಲು ತಮ್ಮ ಛಿದಾಮ ಆ ಕೊಲೆಯನ್ನು ತನ್ನ ಹೆಂಡತಿ ಚಂದರಾಳ ಮೇಲೆ ಹೊರಿಸುತ್ತಾನೆ. ಹೆಂಡತಿ ಹೋದರೆ ಇನ್ನೊಬ್ಬಳು ಸಿಗುತ್ತಾಳೆ, ಅಣ್ಣ ಗಲ್ಲಿಗೆ ಹೋದರೆ ಇನ್ನೊಬ್ಬ ಅಣ್ಣ ಸಿಗುವುದಿಲ್ಲ ಎಂಬುದು ಅವನ ಲೆಕ್ಕ. ಅದಕ್ಕೆ ಮೊದಲು ಅವರಿಬ್ಬರ ನಡುವೆ ಪ್ರೀತಿ ಇತ್ತು, ಹೊಟ್ಟೆಕಿಚ್ಚು ಇತ್ತು, ಆಟ ಇತ್ತು. ಒಂದು ವಾಕ್ಯದಲ್ಲಿ ಎಲ್ಲ ಮುಗಿಯಿತು. ಚಂದರಾ ತಪ್ಪೊಪ್ಪಿಕೊಂಡು, ಹಟ ಹಿಡಿದು ಗಲ್ಲಿಗೆ ಹೋಗುತ್ತಾಳೆ. ಇಲ್ಲಿ ಕೇಳುವುದು, ಹೇಳುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹೆಂಡತಿಗೆ ಬದಲಿ ಇದೆ ಎಂದು ನಂಬಿದ ಮನೆಯಲ್ಲಿ ಮಾತಿನಿಂದ ಏನು ಕಟ್ಟಲು ಸಾಧ್ಯ?

ಅವರದೇ ‘ಸ್ತ್ರೀರ್ ಪತ್ರ’ (1914) ಒಂದು ಕಾಗದದ ರೂಪದಲ್ಲಿದೆ. ಪುರಿಗೆ ಹೋದ ಮೃಣಾಲ್ ಅಲ್ಲಿಂದ ಗಂಡನಿಗೆ ಬರೆಯುತ್ತಾಳೆ. ಮದುವೆಯಾಗಿ ಹದಿನೈದು ವರ್ಷ. ಇದೇ ಮೊದಲ ಕಾಗದ. ಯಾಕೆಂದರೆ ಕಾಗದ ಬರೆಯುವಷ್ಟು ದೂರ ಇಬ್ಬರೂ ಯಾವತ್ತೂ ಹೋಗಿರಲಿಲ್ಲ. ಅವಳು ಕದ್ದುಮುಚ್ಚಿ ಕವಿತೆ ಬರೆಯುತ್ತಿದ್ದಳು. ಒಂದೇ ಮನೆಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಮನೆಗೆ ಆಸರೆ ಬೇಡಿ ಬಂದ ಬಿಂದು ಎಂಬ ಹುಡುಗಿಯನ್ನು ಆ ಮನೆಯವರು ಹುಚ್ಚನಿಗೆ ಮದುವೆ ಮಾಡಿ ಸಾವಿಗೆ ದೂಡಿದ ಮೇಲೆ, ಇನ್ನು ಹಿಂದಿರುಗುವುದಿಲ್ಲ ಎಂದು ಬರೆಯುತ್ತಾಳೆ.

ಈ ಕತೆ ಓದಿದ ಭಾನುವಾರ ಮಾಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, “ನಮ್ಮದು ಉಲ್ಟಾ ಅಲ್ವಾ? ನಮಗೆ ಇದ್ದದ್ದು ಕಾಗದ ಮಾತ್ರ.”

ಮುಂಬೈಯ ಹಳೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿಯಲು ಬಂದ ಎಷ್ಟೋ ಗಂಡಸರ ಹೆಂಡತಿ ಮಕ್ಕಳು ಊರಲ್ಲೇ ಇದ್ದರು. ಮಲಗುತ್ತಿದ್ದದ್ದು ಹೋಟೆಲಿನ ಮೇಜಿನ ಮೇಲೆ. ಒಂದು ಖೋಲಿ ಸಿಕ್ಕರೂ ಅದರಲ್ಲಿ ಎಂಟು ಜನ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸು, ವರ್ಷಕ್ಕೊಂದು ಸಲ ರಜೆ. ಮಾಮನ ಮದುವೆ 1983ರಲ್ಲಿ. ಮಾಮಿ ಮುಂಬೈಗೆ ಬಂದದ್ದು 2004ರಲ್ಲಿ. ನಡುವಿನ ಇಪ್ಪತ್ತೊಂದು ವರ್ಷದ ಸಂಸಾರ ನಡೆದದ್ದು ಮನಿಯಾರ್ಡರ್ ಫಾರ್ಮಿನ ಕೊನೆಯ ತುಂಡಿನಲ್ಲಿ. ಅಲ್ಲಿ ನಾಲ್ಕು ಸಾಲು ಬರೆಯಲು ಜಾಗ ಇರುತ್ತಿತ್ತು. ದನ ಕರು ಹಾಕಿತಾ, ಅಮ್ಮನ ಕೆಮ್ಮು ಹೇಗಿದೆ, ಬಾವಿಯಲ್ಲಿ ನೀರು ಎಷ್ಟಿದೆ. “ಪ್ರೀತಿ ಗೀತಿ ಬರೆಯಲು ಜಾಗ ಎಲ್ಲಿ? ಪೋಸ್ಟ್‌ಮ್ಯಾನೇ ಓದಿ ಹೇಳಬೇಕಿತ್ತು” ಎಂದರು. ಆದರೆ ನಾನು ಗಮನಿಸಿದ್ದು ಇದು: ಆ ನಾಲ್ಕು ಸಾಲಿನಲ್ಲಿ ಮೂರು ಸಾಲು ಪ್ರಶ್ನೆ. ದೂರ ಇದ್ದುದರಿಂದಲೇ ‘ನನಗೆ ಗೊತ್ತು’ ಎನ್ನಲು ಆಗುತ್ತಿರಲಿಲ್ಲ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದ ಮೃಣಾಲಳ ಗಂಡನಿಗೆ ಇಂಥ ನಾಲ್ಕು ಸಾಲು ಬರೆಯುವ ಅಗತ್ಯವೇ ಬೀಳಲಿಲ್ಲ. ದೂರ ಇರುವುದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮಾಮಿ ಒಬ್ಬರೇ ಹೊತ್ತ ಭಾರ ಯಾವ ಕಾಗದದಲ್ಲೂ ಬರಲಿಲ್ಲ, ಅದೂ ನನಗೆ ಗೊತ್ತಿದೆ.

ಕನ್ನಡದ್ದೇ ಒಂದು ಜನಪದ ಕತೆ ಈ ಎಲ್ಲಕ್ಕಿಂತ ಚೆನ್ನಾಗಿ ವಿಷಯವನ್ನು ಬಿಡಿಸುತ್ತದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕತೆ. ಗಿರೀಶ ಕಾರ್ನಾಡರು ‘ನಾಗಮಂಡಲ’ (1988) ನಾಟಕದ ಆರಂಭಕ್ಕೆ ಇದೇ ಕತೆಯ ಮಾತಾಡುವ ದೀಪಗಳನ್ನು ತಂದುಕೊಂಡರು. ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ. ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದರೆ ಆ ಬೆಟ್ಟ ಎದುರಿಗೇ ಇದೆ.

ಕತೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಎರಡನ್ನೂ ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಹಾರಿದವು. ಕತೆ ಬಾಗಿಲಲ್ಲಿ ಜೋಡಿ ಚಪ್ಪಲಿಯಾಯಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿದ್ದಿತು. ಗಂಡ ಬಂದ. ಯಾರು ಬಂದಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದಳು. ಅವಳಿಗೂ ಗೊತ್ತಿರಲಿಲ್ಲ. ದೊಡ್ಡ ಜಗಳವಾಯಿತು. ಅವನು ಕಂಬಳಿ ತೆಗೆದುಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಆ ಊರಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು. ಅವತ್ತು ಒಂದು ಜ್ವಾಲೆ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದವು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ, ದೀಪ ಆರಿಸಲೇ ಇಲ್ಲ ಎಂದು ಅದು ಚಪ್ಪಲಿಯ ಗುಟ್ಟು, ಕೋಟಿನ ಗುಟ್ಟು ಎಲ್ಲ ಹೇಳಿತು. ಕತ್ತಲಲ್ಲಿ ಮಲಗಿದ್ದ ಗಂಡ ಕೇಳಿಸಿಕೊಂಡ. ಅವನ ಅನುಮಾನ ಹೋಯಿತು. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಕೇಳಿದ, ನಿನ್ನ ಕತೆ ಯಾವುದು, ನಿನ್ನ ಹಾಡು ಯಾವುದು? ಅವಳು ಎರಡನ್ನೂ ಮರೆತಿದ್ದಳು. “ಯಾವ ಕತೆ? ಯಾವ ಹಾಡು?” ಎಂದಳು.

ಈ ಕತೆಯಲ್ಲಿ ಕಳ್ಳ ಗಂಡಸು ಇಲ್ಲ, ಕೆಟ್ಟ ಹೆಂಗಸು ಇಲ್ಲ. ಹೇಳದೆ ಉಳಿದದ್ದು ಬೇರೊಬ್ಬ ಗಂಡಸಿನ ವೇಷ ಹಾಕಿ ಮನೆಯೊಳಗೆ ನಿಲ್ಲುತ್ತದೆ, ಅಷ್ಟೇ. ಗೇಬ್ರಿಯಲ್‌ನ ಕೋಣೆಗೆ ಸತ್ತ ಮೈಕಲ್ ಬಂದು ನಿಂತದ್ದೂ ಹೀಗೆಯೇ. ಗಂಡ ಕೇಳಿದ್ದೂ ಸರಿಯಾದ ಪ್ರಶ್ನೆಯೇ. ಆದರೆ ಅದನ್ನು ಕೇಳಿದ್ದು ಅನುಮಾನ ಬಂದ ಮೇಲೆ, ಆಮೇಲೆ ದೀಪಗಳಿಂದ ಗುಟ್ಟು ತಿಳಿದ ಮೇಲೆ.

ಇದನ್ನು ಓದಿದ ದಿನ ಐರೋಲಿಯ ಹುಡುಗಿ ಕೇಳಿದಳು, “ಅವಳು ನಿಜವಾಗಿ ಮರೆತಳಾ?” ಕತೆ ಮರೆತಳು ಎಂದೇ ಹೇಳುತ್ತದೆ ಎಂದೆ. ಚಹಾ ಲೋಟ ತೊಳೆಯಲು ಎದ್ದಿದ್ದ ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಇಷ್ಟು ತಿಂಗಳಲ್ಲಿ ಅವರು ಕತೆಯ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ.

“ಮರೆತದ್ದಲ್ಲ ಮಗಾ” ಎಂದರು. “ಇಷ್ಟು ವರ್ಷ ಕೇಳದವನು ಇವತ್ತು ಕೇಳಿದ. ನಾಳೆಯೂ ಕೇಳುತ್ತಾನಾ ಅಂತ ನೋಡುತ್ತಿದ್ದಾಳೆ.”

ಮಾಮ ಅವರ ಕೈಯಿಂದ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.